ನಾಲ್ಕು ಗಂಟೆಯ ಅಳತೆ

ಸಹಕಾರನಗರದ ವಾಲ್ವ್ ತಿರುವೋದು ನನ್ನ ನೌಕರಿ.
ಎದೆಮಟದ ಕಬ್ಬಿಣದ ಚಾವಿ, ಹನ್ನೊಂದು ಸುತ್ತು.
ನೆಲದಡಿ ಮೊದಲು ಗಾಳಿ ಕೆಮ್ಮತದ,
ಆಮ್ಯಾಲೆ ನೀರು.

ಕೇತಕಿ ಆಪ್ಟೆ ಅಂತ ಕಾಲೇಜಿನ ಹುಡುಗಿ
ತಳಜಾಯಿ ಗುಡ್ಡದ ಬುಡದಾಗ ಬೂರಗದ ಮರಕ್ಕ
ಉಕ್ಕಿನ ಪಟ್ಟಿ ಕಟ್ಟ್ಯಾಳ, ಉಡದಾರದ ಹಂಗ.
"ಕಾಕಾ, ಹೆಂಗೂ ಎದ್ದಿರ್ತೀರಿ,
ನಸುಕಿನ ನಾಲ್ಕಕ್ಕ ಒಮ್ಮೆ, ಮಧ್ಯಾಹ್ನ ಒಮ್ಮೆ
ಮುಳ್ಳು ಎಲ್ಲಿ ನಿಂತದ ಬರೀರಿ."

ಬರದೆ.
ಹಗಲು ಮರ ಸೊರಗತದ
ಒಂದು ಕೂದಲೆಳೆ.
ಇರುಳು ಮತ್ತ ತುಂಬಕೋತದ.
ಪಟ್ಟಿನ ಸಡಲಾಗೇದ ಅಂದೆ ನಾ, ನಂಬಲಿಲ್ಲ.

ಎಲಿಗೆ ಅವಸರ, ಬೇರಿಗೆ ತಡ,
ನಡುವ ಕಾಂಡ ಕೈಗಡ ಕೊಡತದ,
ಕತ್ತಲಾದ ಮ್ಯಾಲೆ ವಸೂಲಿ.
ಇದು ಹುಡುಗಿ ಹೇಳಿದ್ದು.

ನಾ ಕಂಡದ್ದು ಬ್ಯಾರೆ.
ಗುರುವಾರ ನಮ್ಮಲ್ಲಿ ನೀರು ಬಂದ್.
ಖಾಲಿ ಕೊಡ, ಬೈಗಳ, ನನ್ನ ಹೆಸರು ಹಿಡಿದು.
ಚಾವಿ ಹೆಗಲಿಗೇರಿಸಿ ಮರದ ಕಡೆ ಹೋದೆ:
ಬುಡದ ಮಣ್ಣು ಸುಟ್ಟ ಹಂಚು,
ಟೊಂಗಿ ತುದಿಗೆ ಮಾತ್ರ
ಕೂಸಿನ ಮುಷ್ಟಿಯಂಥ ಹಸಿ ಚಿಗುರು!
ಮುಳ್ಳು ಒಂಬತ್ತು ಇರುಳಿಂದ ಹಿಂದಕ್ಕ, ಹಿಂದಕ್ಕ,
ತುಂಬಕೊಂಡದ್ದೇ ಇಲ್ಲ.
ಯಾವ ಚಾವಿ, ಯಾರು ತಿರುವಿದರು,
ಹೊಟ್ಟಿ ಕರಗಿಸಿ ಮ್ಯಾಲೆ ಏರಿಸೇದ.
ಬಾಟ್ಲಿಯೊಳಗ ಅರ್ಧ ಉಳಿದಿತ್ತು.
ಮುಚ್ಚಳ ತಗದೆ,
ನಾಚಿಕಿ ಬಂತು, ಹಾಕಿದೆ.

ಜೂನ್ ಎಂಟು. ರಾತ್ರಿಯೆಲ್ಲ ಹೊಯ್ದಿತ್ತು.
ಬ್ಯಾಟರಿ ಬೆಳಕಿನಾಗ ನೋಡತೀನಿ,
ಮುಳ್ಳು ನಿನ್ನಿನ ಗೆರಿ ಬಿಟ್ಟು ಎಲ್ಲಿಗೋ ಹೋಗೇದ,
ಪಟ್ಟಿ ತೊಗಟಿಗೆ ಕಚ್ಚೇದ.
ವಹಿಯೊಳಗ ಅಂಕಿ ಬರೆಯೋ ಜಾಗದಾಗ
ಓಣಿಯ ಹೆಣ್ಣುಮಕ್ಕಳು ನಳದ ಮುಂದ ಕೂಗೋದನ್ನ ಬರದೆ:
ಪಾಣೀ ಆಲಂ.