ನಾಲ್ಕನೇ ಗಿಯರು

ವಿದ್ಯಾನಗರದಲ್ಲಿ ಕೆಂಪುಕಲ್ಲು ಇಳಿಸಿ
ಖಾಲಿ ಲಾರಿಯನ್ನು ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಓರೆಯಾಗಿ ನಿಲ್ಲಿಸಿ
ಕೊಡೆ ರಿಪೇರಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ
ಮೇಲೆ ಸೂಪಿಯ ಕೋಣೆ.
ಫ್ಯಾನಿನ ಗಾಳಿಗೆ ತೂಗುವ ಪುಟ್ಟ ಪ್ಯಾಕೆಟುಗಳು,
ಒಂದೊಂದರಲ್ಲೂ ಮೊಳದುದ್ದದ ಗಾಡಿಯ
ಒಂದೊಂದು ಎಲುಬು.
ಎಣ್ಣೆ ತುಂಬಿದ ನೀಲಿ ಶಾಕ್ ಅಬ್ಸಾರ್ಬರು,
ಬೆರಳಲ್ಲಿ ಒತ್ತಿದರೆ ಬೆಕ್ಕಿನ ಹೊಟ್ಟೆಯಂಥ ಟಯರು,
ಮುಂದಿನ ಆಕ್ಸಲಿಗೆ ಕಟ್ಟುವ ಹಿತ್ತಾಳೆಯ ತೂಕ.
ಇವತ್ತು ಅದೆಲ್ಲ ನೋಡಲಿಕ್ಕೆ ಮಾತ್ರ.

ಜೇಬಿನಿಂದ ಬೀಡಿ ಲೇಬಲಿನ ಕಾಗದ ಬಿಚ್ಚಿ ಕೊಟ್ಟೆ.
ಸೂಪಿ ಕನ್ನಡಕ ಹಣೆಗೇರಿಸಿ
ಹಲ್ಲಿನ ಡಾಕ್ಟರನ ಹಾಗೆ ಬೆಳಕಿಗೆ ಹಿಡಿದ.
ಐವತ್ತನಾಲ್ಕರಲ್ಲಿ ಹನ್ನೊಂದು ಹಲ್ಲು ಇಲ್ಲ.
"ಎಷ್ಟನೇದು ಐತಪ್ಪಣ್ಣ ಇದು?"
ನಾಲ್ಕನೇದು.

ಶುರುವಾದದ್ದು ಮೋಟಾರಿನಿಂದ.
ಗಾಡಿಯ ಜೊತೆ ಬಂದದ್ದು ಸಾಲಲಿಲ್ಲ,
ಕೋರೆಯ ಎರಡನೇ ಮೆಟ್ಟಿಲಲ್ಲೇ ಏದುಸಿರು.
ಬ್ರಶ್‌ಲೆಸ್ ಹಾಕಿದೆ, ಶಾಫ್ಟು ತಿರುಚಿತು.
ಸ್ಟೀಲಿನ ಶಾಫ್ಟು ಹಾಕಿದೆ, ಡಿಫರೆನ್ಶಿಯಲ್ ಒಡೆಯಿತು.
ಅದೂ ಹೊಸದಾದ ಮೇಲೆ ಈಗ ವಾರ ಬಿಟ್ಟು ವಾರ ಇದು.
ಒಂದು ಕಡೆ ಗಟ್ಟಿ ಮಾಡಿದರೆ
ಮುರಿತ ಎದ್ದು ಹೋಗಿ
ಪಕ್ಕದ ಮನೆಯ ಕದ ತಟ್ಟುತ್ತದೆ.

ಭಾನುವಾರ ಕೋರೆಯಲ್ಲಿ ಕಲ್ಲು ಕೊಯ್ಯುವ ಮಿಷನ್ನು ಮಲಗಿರುತ್ತದೆ.
ಕ್ರಾಸ್ತರ ರೋಶನ್, ಮಿಷನ್ನಿನ ಕುಞ್ಞಂಬು, ನಾನು,
ಮೀಸೆ ನರೆತ ಮೂವರು
ರಿಮೋಟು ಹಿಡಿದು ಕೊಯ್ದ ಗೋಡೆಯ ಅಂಚಿನಲ್ಲಿ ಕೂತು
ಸಣ್ಣ ಗಾಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹತ್ತಿಸುತ್ತೇವೆ.
ಹೆಂಡತಿ ಕೇಳುತ್ತಾಳೆ: ಆರು ದಿನದ ಲಾರಿ ಸಾಲದಾ?
ಅದಕ್ಕೆ ಉತ್ತರ ಉಂಟು, ಹೇಳಿಲ್ಲ ಅಷ್ಟೆ.
ದೊಡ್ಡದರ ಪಾಟಾ ಎರಡು ತಿಂಗಳಿನಿಂದ ತುಂಡು,
ಟ್ಯೂಬಿನ ರಬ್ಬರು ಸುತ್ತಿ ಓಡಿಸುತ್ತಿದ್ದೇನೆ.
ಧಣಿ ಹೇಳುವುದು, ಓಣಂ ಕಳೆಯಲಿ.
ಸಣ್ಣದಕ್ಕೆ ಏನು ಹಾಕಬೇಕೆಂದು
ಹೇಳುವುದು ನಾನು.

ಸೂಪಿ ಎರಡು ಪ್ಯಾಕೆಟು ಗಾಜಿನ ಮೇಲಿಟ್ಟ.
ಕಪ್ಪು ಪ್ಲಾಸ್ಟಿಕ್, ನೂರ ನಲವತ್ತು.
ಸ್ಟೀಲು, ಸಾವಿರದ ನೂರು.
ಪಿಚ್ಚು ಮೂವತ್ತೆರಡೇ ಹೌದಾ ಎಂದು ಎರಡು ಸಲ ನೋಡಿದೆ,
ತೂತು ಐದು ಮಿಲ್ಲಿಮೀಟರು.
ಪ್ಯಾಕೆಟಿನ ಮೇಲೆ ಚೀನೀ, ಬೆಲೆಚೀಟಿಯಲ್ಲಿ ಮಲಯಾಳ,
ಉಗುರಿನಲ್ಲಿ ಹಲ್ಲು ಎಣಿಸಿದ್ದು ತುಳುವಿನಲ್ಲಿ.
ಸ್ಟೀಲು ಅಂಗೈಯಲ್ಲಿ ತಣ್ಣಗೆ ಕೂತಿತು.
ಮದುವೆಯ ಉಂಗುರ ಕೊಳ್ಳುವಾಗಲೂ
ನನಗೆ ಇಷ್ಟು ಆಸೆ ಆಗಿರಲಿಲ್ಲ.

"ಪ್ಲಾಸ್ಟಿಕ್ಕೇ ತಕೊಳ್ಳಿ," ಎಂದ ಸೂಪಿ,
ವ್ಯಾಪಾರ ಮರೆತವನ ಹಾಗೆ.
"ಅದು ಮುರಿಯಲಿಕ್ಕೇ ಇರುವುದು.
ಚಕ್ರ ಕಲ್ಲಿಗೆ ಸಿಕ್ಕಿಕೊಂಡರೆ ಅದು ಹೋಗುತ್ತದೆ,
ಮೋಟಾರು ಉಳಿಯುತ್ತದೆ.
ಅಗ್ಗದ್ದೊಂದು ನಡುವೆ ಇರಬೇಕು, ಮಾರಾಯ್ರೆ."

ಸರಿಯಾದ ಮಾತು.
ತಲೆಯಾಡಿಸುತ್ತಾ ಇದ್ದವನಿಗೆ
ಬಟ್ಯನ ನೆನಪಾಯಿತು.
ಪೆರ್ಲದ ಏರಿನಲ್ಲಿ ಲಾರಿ ಹಿಂದೆ ಜಾರಿದ ದಿವಸ
ಚಕ್ರಕ್ಕೆ ಕಲ್ಲು ಕೊಡಲು ಹಾರಿದ ಕ್ಲೀನರ್ ಹುಡುಗ.
ಲಾರಿ ನಿಂತಿತು. ಲೋಡು ನಿಂತಿತು.
ಬಟ್ಯನ ಬಲಗೈಯ ಮೂರು ಬೆರಳು
ಕಲ್ಲಿನಡಿಯಲ್ಲಿ.
ಧಣಿ ಆಸ್ಪತ್ರೆಗೆ ಬಂದು ಹೇಳಿದ್ದೂ ಹೀಗೇ,
ದೇವರು ದೊಡ್ಡವನು, ಎಂಜಿನ್ನಿಗೆ ಏನೂ ಆಗಲಿಲ್ಲ.
ಮರುವಾರ ಹೊಸ ಹುಡುಗ ಬಂದ.
ಕಲ್ಲು ಕೊಡುವುದು ಹೇಗೆಂದು ಅವನಿಗೆ
ಕಲಿಸಿದ್ದು ನಾನೇ.

"ಸ್ಟೀಲೇ ಕೊಡು."
"ಮೋಟಾರು ಸುಟ್ಟುಹೋದೀತು. ನಾಲ್ಕು ಸಾವಿರದ್ದು."
"ಒಂದು ಸಲ ಅದೂ ಸುಟ್ಟುಹೋಗಲಿ."

ಸೂಪಿಗೆ ಅರ್ಥ ಆಗಲಿಲ್ಲ, ಬಿಲ್ಲು ಬರೆದ.
ಎರಡು ಸ್ಕ್ರೂ ಹೆಚ್ಚಿಗೆ ಹಾಕಿದ, ಅದಕ್ಕೆ ದುಡ್ಡು ಹಿಡಿಯಲಿಲ್ಲ.
ಕೆಳಗೆ ಲಾರಿಯಲ್ಲಿ ಹುಡುಗ
ಕಿಟಕಿಗೆ ಕಾಲು ಚಾಚಿ ನಿದ್ದೆ ಹೋಗಿದ್ದ.
ಪ್ಯಾಕೆಟು ಡ್ಯಾಶ್‌ಬೋರ್ಡಿನ ಮೇಲಿಟ್ಟು
ಎಬ್ಬಿಸದೆ ಹೊರಟೆ,
ಉಬ್ಬುಗಳಲ್ಲಿ ನಿಧಾನಕ್ಕೆ.