ವರ್ಗವಿಲ್ಲದ ಸಾಲು

ಸೇತುವೆ ಎತ್ತುವುದು ನನ್ನ ಕೆಲಸ.
ದೋಣಿ ಬಂದರೆ ಗಂಟೆ, ಗೇಟು, ಗುಂಡಿ;
ರಸ್ತೆ ಎದ್ದು ನಿಲ್ಲುತ್ತದೆ ಆಕಾಶಕ್ಕೆ ಎದೆಗೊಟ್ಟು.
ಗಾಳದ ಕೋಲಿನ ತುದಿಗೆ ಮರದ ಒಂಟಿ ಜೋಡು ಕಟ್ಟಿ
ಕೆಳಗಿಳಿಸುತ್ತೇನೆ: ಎರಡೂವರೆ ಯೂರೋ ಸುಂಕ.
ಫ್ರೀಸ್‌ಲ್ಯಾಂಡಿನಲ್ಲಿ ಅಪ್ಪಂದಿರ ಕಾಲದಿಂದ ಹೀಗೇ.
ನಾಣ್ಯ ಬಿದ್ದ ಸದ್ದಿನಲ್ಲೇ ಗೊತ್ತು
ಪೂರ್ತಿ ಕೊಟ್ಟನೋ, ಕಣ್ಣು ತಪ್ಪಿಸಿದನೋ.

ಮನೆಯ ಲೆಕ್ಕಕ್ಕೆ ಆ ಸದ್ದಿಲ್ಲ.
ಮೆಟ್ಟಿಲ ಕೆಳಗಿನ ಗೂಡಿನಲ್ಲಿ,
ಪೊರಕೆ, ಬಣ್ಣದ ಡಬ್ಬಿ, ಕರೆಂಟಿನ ಮೀಟರಿನ ಪಕ್ಕ
ಸೋಪಿನ ಪೆಟ್ಟಿಗೆಯಷ್ಟು ಒಂದು ಕಂಪ್ಯೂಟರು.
ಪಕ್ಕದ ಮನೆಯ ಯೆಲ್ಮರ್ ಕೂರಿಸಿಕೊಟ್ಟದ್ದು,
ಕೂಲಿ: ಹೊಗೆಗಿಟ್ಟ ಎರಡು ಹಾವುಮೀನು.
"ನಿಮ್ಮ ಲೆಕ್ಕ ನಿಮ್ಮ ಮನೆಯಲ್ಲೇ ಇರಲಿ ವೀಬೆ,
ಬೇರೆಯವರ ಮೋಡದಲ್ಲಿ ಯಾಕೆ?" ಅಂದ.
ನಿಜ. ಮೋಡ ನಮ್ಮಲ್ಲೇ ಬೇಕಾದಷ್ಟಿದೆ.

ರಾತ್ರಿ ಮೂರಕ್ಕೆ ಅದು ಏಳುತ್ತದೆ.
ಬ್ಯಾಂಕಿನ ಕದ ತಟ್ಟಿ ದಿನದ ವಹಿವಾಟು ಹೊತ್ತು ತರುತ್ತದೆ.
ಬ್ಯಾಂಕಿನ ಬರಹಕ್ಕೆ ಉಸಿರಿಲ್ಲ:
ಕಾರ್ಡಿನ ಸಂಖ್ಯೆ, ಗಳಿಗೆ, ಊರು, ಮೊತ್ತ.
ನಾನು ಕಲಿಸಿದ ನಿಯಮದಂತೆ ಹಂಚುತ್ತದೆ:
ಬೇಕರಿ ಅಂತಿದ್ದರೆ ರೊಟ್ಟಿಗೆ,
ನೀರಿನ ಮಂಡಳಿ ಅಂತಿದ್ದರೆ ತೆರಿಗೆಗೆ,
ಹಿರೇಮಗಳ ಹೆಸರಿದ್ದರೆ ಕೈಗಡಕ್ಕೆ.
ಅದು ಹಿಂದೆ ಬಾರದ ಕೈಗಡ; ನಿಯಮಕ್ಕೆ ಅದೆಲ್ಲ ಗೊತ್ತಿಲ್ಲ.

ಮೊದಮೊದಲು ಒಂದು ಕಾಯಿಲೆಯಿತ್ತು.
ಶುಕ್ರವಾರ ತಿಂದ ಮೀನು "ಬಾಕಿ" ಎಂದು ಬಂದು
ಸೋಮವಾರ "ಸಂದಾಯ" ಎಂದು
ಹೊಸ ಗುರುತು ತೊಟ್ಟು ಮತ್ತೆ ಬರುತ್ತಿತ್ತು.
ಒಂದೇ ಮೀನಿಗೆ ಎರಡು ಮುಳ್ಳು.
ಚಳಿಗಾಲವಿಡೀ ಕೂತು ಸರಿಪಡಿಸಿದೆ:
ಒಂದೇ ದಿನ, ಒಂದೇ ಅಂಗಡಿ, ಒಂದೇ ಮೊತ್ತ ಕಂಡರೆ
ನನ್ನನ್ನು ಕೇಳು, ನಾನು ಅಳಿಸುತ್ತೇನೆ.

ತೊಂಬತ್ತು ದಿನಕ್ಕೊಮ್ಮೆ ಬ್ಯಾಂಕು ಕೇಳುತ್ತದೆ:
ನೀನು ಈಗಲೂ ನೀನೇನಾ?
ಹೌದು ಎಂದು ಒತ್ತುತ್ತೇನೆ, ಪ್ರತಿ ಸಲ
ಚೂರು ತಡೆದು.

ಮಾರ್ಚಿನಲ್ಲಿ ಯಾವ ನಿಯಮಕ್ಕೂ ಸಿಗದ ಸಾಲೊಂದು ಬಂತು.
ಮಂಗಳವಾರ. ಸ್ನೇಕ್ ಪಟ್ಟಣದ ಈಜುಕೊಳ. ಆರು ಯೂರೋ ಇಪ್ಪತ್ತು.
ಮರು ಮಂಗಳವಾರ ಮತ್ತೆ. ಮತ್ತೆ.
ಖಾತೆ ಇಬ್ಬರದು, ಕಾರ್ಡು ಫ್ರೌಕ್ಯಳದು.
ಮೂವತ್ತೆಂಟು ವರ್ಷ ಕಾಲುವೆಯ ದಂಡೆಯಲ್ಲಿ ಸಂಸಾರ ಮಾಡಿ
ಹಿಮ್ಮಡಿ ನೆನೆಸದವಳು,
ನಾನು ದೋಣಿ ಹತ್ತಿದರೆ ಕಿಟಕಿ ಬಿಟ್ಟು ಏಳದವಳು.
ಸೇತುವೆಯವನಿಗೆ ಈಜು ಬಾರದೆಂದು
ಊರಲ್ಲಿ ಅವಳೊಬ್ಬಳಿಗೇ ಗೊತ್ತು.

ಕೇಳಲಿಲ್ಲ.
ಕಿತ್ತಳೆ ಬಣ್ಣದಲ್ಲಿ "ವರ್ಗವಿಲ್ಲ" ಎಂದು ಮಿನುಗಿತು. ಬಿಟ್ಟೆ.
ಒದ್ದೆ ಕೂದಲಲ್ಲಿ ಒಳಗೆ ಬಂದು "ಮಳೆ" ಅಂದಳು.
ಹೌದು ಅಂದೆ. ಹೊರಗೆ
ಒಗೆದ ಬಟ್ಟೆ ಗರಿಗರಿ ಒಣಗುತ್ತಿತ್ತು.

ಇವತ್ತು ಬೆಳಗ್ಗೆ ಯಂತ್ರ ಕೇಳಿತು:
ಒಂದೇ ದಿನ, ಒಂದೇ ಕೊಳ,
ಆರು ಇಪ್ಪತ್ತು, ಆರು ಇಪ್ಪತ್ತು.
ಜೋಡಿ ಸಾಲು. ಅಳಿಸಲೇ?
ಹಳೇ ಕಾಯಿಲೆ ಮರುಕಳಿಸಿತೆಂದು ಬೈದು
ಗುಂಡಿಯ ಮೇಲೆ ಬೆರಳಿಟ್ಟವನು
ಗಳಿಗೆ ನೋಡಿದೆ. ಒಂದು ನಾಲ್ಕಕ್ಕೆ, ಒಂದು ಐದೂ ಹತ್ತಕ್ಕೆ.
ಒಳಗೆ ಹೋಗುವಾಗ ಒಂದು ಟಿಕೇಟು.
ಹೊರಗೆ ಬರುವಾಗ, ಯಾಕೋ, ಇನ್ನೊಂದು.

ಅಡುಗೆಮನೆಯ ಕುರ್ಚಿಯ ಬೆನ್ನಿಗೆ
ನೀಲಿ ಈಜುಚಡ್ಡಿ ನೇತಾಡುತ್ತಿತ್ತು, ಬೆಲೆಚೀಟಿ ಸಮೇತ,
ನನ್ನ ಹೊಟ್ಟೆಯ ಅಳತೆಯದು.
ಅದಕ್ಕೆ ನಗದು ಕೊಟ್ಟಿರಬೇಕು.
ಹುಡುಕಿದೆ, ಸಾಲು ಎಲ್ಲೂ ಇಲ್ಲ.