ಆರಾಮಿದ್ದವರ ರಕ್ತ

ತಳೇಗಾಂವದ ಗುಲಾಬಿ ಶೆಡ್ಡುಗಳಿಗೆ ಜನವರಿಯಲ್ಲಿ ನಿದ್ದೆಯಿಲ್ಲ.
ಫೆಬ್ರವರಿ ಹದಿನಾಲ್ಕರೊಳಗೆ ಹೂವು ವಿಮಾನ ಹತ್ತಬೇಕು,
ಅದಕ್ಕೂ ಮೊದಲು ಎಲೆಯಡಿಯ ಕೆಂಪು ನುಸಿ ಸಾಯಬೇಕು.
ನನ್ನ ಕೈಯಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರ.
ಪುಣೆಯ ಲ್ಯಾಬು ಹೇಳಿದ ಕೆಲಸ ಇಷ್ಟೇ:
ಬೆರಳಿನ ಒಂದು ಹನಿ ಇದಕ್ಕೆ ಕುಡಿಸು,
ತೋಳಿನ ಒಂದು ನಳಿಗೆ ಐಸಿನಲ್ಲಿಟ್ಟು ನಮಗೆ ಕಳಿಸು,
ಡಬ್ಬಿ ಎಷ್ಟು ಖರೆ ಹೇಳುತ್ತದೆ, ನೋಡೋಣ.

ಡಬ್ಬಿಗೆ ನಖರೆ ಬಹಳ.
ಶೆಡ್ಡಿನೊಳಗೆ ಮೂವತ್ತೆಂಟು ಡಿಗ್ರಿ, ಪರದೆಯ ಮೇಲೆ ಬರೀ ಗೆರೆ.
ಹೂವಿನ ಕೋಲ್ಡ್ ರೂಮಿಗೆ ಒಯ್ದೆ, ನಾಲ್ಕು ಡಿಗ್ರಿ, ಮತ್ತೆ ಗೆರೆ.
ಕೊನೆಗೆ ಮ್ಯಾನೇಜರರ ಕಾರಿನಲ್ಲಿ ಏಸಿ ಹಾಕಿಸಿ
ತೊಡೆಯ ಮೇಲೆ ಕೂರಿಸಿಕೊಂಡಾಗ ಬಾಯಿ ಬಿಟ್ಟಿತು.
ಮೊದಲು ಬೆರಳನ್ನು ಸೋಪಿನಲ್ಲಿ ಮೂರು ಸಲ ತೊಳೆಸಬೇಕು.
ಇಲ್ಲದಿದ್ದರೆ ಉಗುರ ಸಂದಿಯ ಎಣ್ಣಿ ಹನಿಗೆ ತಾಗಿ
ಆರಾಮಿದ್ದವನೂ ಅಂಕಿಯಲ್ಲಿ ಸತ್ತಿರುತ್ತಾನೆ.

ನರಗಳ ಶಾಲೆಯಲ್ಲಿ ಪಾಟಿ ಒರೆಸುವವನೊಬ್ಬನಿದ್ದಾನೆ.
'ಮುಚ್ಚು' ಎಂದು ಬರೆದದ್ದನ್ನು
ರೆಪ್ಪೆ ಮುಚ್ಚಿದ ಕೂಡಲೇ ಅಳಿಸುತ್ತಾನೆ.
ಎಣ್ಣಿ ಅವನ ಕೈ ಹಿಡಿದುಬಿಡುತ್ತದೆ.
ಬರೆದದ್ದರ ಮೇಲೆ ಬರೆದು, ಬರೆದು,
ಬಾಯಿಯ ನೀರು ನಿಲ್ಲದು, ಬೆವರು ನಿಲ್ಲದು,
ತೋಳಿನ ಮಾಂಸ ಚರ್ಮದಡಿ ಹುಳದ ಹಾಗೆ ಹರಿಯುತ್ತದೆ.
ಡಬ್ಬಿ ಎಣಿಸುವುದು ಅವನನ್ನು:
ನೂರಕ್ಕೆ ಎಷ್ಟು ಉಳಿದಿದ್ದಾನೆ?

ಸಿದ್ರಾಮ ಹಡಪದ, ಆಳಂದ ಕಡೆಯವನು. ಎಪ್ಪತ್ತೊಂದು.
ಚಾರ್ಟಿನ ಪ್ರಕಾರ ಚಿಂತೆಯಿಲ್ಲ.
"ಆರಾಮ ಅದೀನ್ರಿ ಬಾಯಾರ," ಅಂದ ಅವನೂ.
ಕಾರಿನ ನೆರಳಿನಲ್ಲೂ ಕಣ್ಣಪಾಪೆ ಸಾಸಿವೆಯಷ್ಟೇ ಇತ್ತು,
ಕಾಲರು ಜೊಲ್ಲಿಗೆ ಒದ್ದೆ.
ದವಾಖಾನೆಯ ಡಾಕ್ಟರ್ ಗವ್ಹಾಣೆಬಾಯಿ ನನ್ನ ಅಂಕಿ ಕೇಳಲಿಲ್ಲ.
ಅಟ್ರೋಪಿನ್ ಒಡೆದು ಏರಿಸಿ
ಐದೈದು ನಿಮಿಷಕ್ಕೆ ಎದೆಯ ಗೊರಗೊರಕ್ಕೆ ಕಿವಿಗೊಟ್ಟು
ಬೆಳಗಿನ ತನಕ ಕೂತರು.
ನಾನು ಡಬ್ಬಿಯ ಮುಖ ಗೋಡೆಗೆ ತಿರುಗಿಸಿಟ್ಟೆ.

ಮೂರನೇ ದಿನ ಪುಣೆಯಿಂದ ಬಂತು: ಅರವತ್ತೊಂಬತ್ತು.
ಎರಡರ ಫರಕು. ಡಬ್ಬಿ ಪಾಸು.

ಹಾಲಮ್ಮ, ಹೂವಿಂಗಡಿಸುವಾಕೆ. ಡಬ್ಬಿಯಲ್ಲಿ ಐವತ್ತನಾಲ್ಕು.
ಕಣ್ಣು ಸರಿ, ಬಾಯಿ ಒಣ, ಮಾತು ಬಲು ಜೋರು.
ಆದರೂ ಪಗಾರವಿಲ್ಲದೆ ಹತ್ತು ದಿನ ಮನೆಗೆ ಕಳಿಸಿದರು,
ನನ್ನ ಸಹಿಯ ಮೇಲೆ.
ಲ್ಯಾಬು ಹೇಳಿತು: ಎಂಬತ್ತೆಂಟು. ವಿಷ ಏನೂ ಇಲ್ಲ.
ರಕ್ತ ತೆಳ್ಳಗಿದೆ, ಹಿಮೋಗ್ಲೋಬಿನ್ ಏಳು.
ನಮ್ಮ ಡಬ್ಬಿ ಹನಿಯನ್ನು ಎಣಿಸುತ್ತದೆ,
ಹನಿಯಲ್ಲಿ ಕೆಂಪೆಷ್ಟು ಎಂದು ಕೇಳುವುದಿಲ್ಲ.
ಅವಳಿಗೆ ಹೇಳಲು ಹೋದೆ.
"ಹತ್ತು ದಿನದ ಪಗಾರ ಯಾ ಖಾನೆದಾಗ ಬರಿತೀರಿ?" ಎಂದಳು.
ಫಾರಮಿನಲ್ಲಿ ಆ ಖಾನೆಯಿರಲಿಲ್ಲ.

ಸಿದ್ರಾಮನನ್ನು ಶೆಡ್ಡಿನಿಂದ ತೆಗೆದು ಗೇಟಿಗೆ ಹಾಕಿಸಿದೆವು.
ಏಪ್ರಿಲ್ ಕೊನೆಗೆ ಮತ್ತೆ ಚುಚ್ಚಿದೆ: ನೂರಾ ಮೂವತ್ತೆಂಟು.
ಎರಡು ಸಲ ಚುಚ್ಚಿದೆ. ಅಷ್ಟೇ.
ಹುಟ್ಟಾ ಅಷ್ಟು ತಂದಿದ್ದ ಗಂಡಸು
ಅರ್ಧ ಕಳೆದುಕೊಂಡು ನನ್ನ ಮುಂದೆ ಕೂತಾಗ
ಯಾರದೋ ಸರಾಸರಿಯ ಪಕ್ಕ ನಿಲ್ಲಿಸಿ
ಸರಿಯಾಗಿದ್ದೀಯಪ್ಪಾ ಎಂದು ಬರೆದಿದ್ದೆ, ನೀಲಿ ಪೆನ್ನಿನಲ್ಲಿ.

ಮೇ ತಿಂಗಳ ಮೊದಲ ಸೋಮವಾರ,
ಗಾಣಗಾಪುರದ ಬಸ್ಸಿನಿಂದ ಹದಿನಾಲ್ಕು ಜನ ಇಳಿದರು.
ಕೊಡ, ಚೀಲ, ಕಂಕುಳಲ್ಲಿ ಕೂಸು.
ಶೆಡ್ಡಿನ ಬಾಗಿಲಲ್ಲಿ ಬಕೇಟು, ಸೋಪು, ಛತ್ರಿಯಡಿ ಕುರ್ಚಿ,
ಐಸಿನ ತಟ್ಟೆಯ ಮೇಲೆ ಡಬ್ಬಿ.
ಮ್ಯಾನೇಜರು ಗಡಿಯಾರ ನೋಡಿಕೊಂಡರು:
ಇವರಿಗೇನಾಗಿದೆ? ಎಲ್ಲ ಆರಾಮಿದ್ದಾರಲ್ಲ?

ಅದಕ್ಕೇ, ಸಾಹೇಬರ.
ಕೈ ತೊಳಕೊಂಡು ಬಾರವ್ವ. ಇನ್ನೊಂದು ಸಲ ತೊಳಕೋ.
ಹೆಸರೇನು?